ಎಫ್‌ಡಿ ಮುರಿಸಿ ಮಗನಿಗೆ ಸ್ಟೀರಿಂಗ್ ಕೊಡಿಸಲೇ?

ಪ್ರಶ್ನೆ: ನಾನು ಶಿವಮೊಗ್ಗದವನು, ಸಹಕಾರಿ ಬ್ಯಾಂಕೊಂದರಲ್ಲಿ ಅಕೌಂಟೆಂಟ್. ಒಬ್ಬನೇ ಮಗ, ಸೈನ್ಸ್ ತಗೊಂಡು ದ್ವಿತೀಯ ಪಿಯುಸಿ ಓದುತ್ತಿದ್ದಾನೆ. ಎರಡು ವರ್ಷದಿಂದ ಅವನಿಗೆ ಕಂಪ್ಯೂಟರಿನಲ್ಲಿ ಕಾರ್ ರೇಸ್ ಓಡಿಸುವ ಸಿಮ್ ರೇಸಿಂಗ್ ಹುಚ್ಚು. ಕಳೆದ ವರ್ಷ ₹12,000 ಕೊಟ್ಟು ಸೆಕೆಂಡ್ ಹ್ಯಾಂಡ್ ಲಾಜಿಟೆಕ್ ಜಿ29 ಸ್ಟೀರಿಂಗ್, ಪೆಡಲ್ ಕೊಡಿಸಿದೆ. ಓದುವ ಮೇಜಿಗೇ ಅದನ್ನು ಬಿಗಿದುಕೊಂಡು, ಗಾಲಿ ಇರುವ ಆಫೀಸ್ ಕುರ್ಚಿಯಲ್ಲಿ ಕೂತು ಆಡುತ್ತಾನೆ.

ದಸರಾ ರಜೆಯಲ್ಲಿ ಬೆಂಗಳೂರಿಗೆ ನನ್ನ ಅಕ್ಕನ ಮನೆಗೆ ಹೋಗಿದ್ದ. ಅಕ್ಕನ ಮಗ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ, ಮದುವೆಯಾಗಿಲ್ಲ, ಒಂದು ಕೋಣೆಯನ್ನೇ ಇದಕ್ಕೆ ಬಿಟ್ಟಿದ್ದಾನೆ. ಅಲ್ಯೂಮಿನಿಯಂ ಚೌಕಟ್ಟು, ಬಕೆಟ್ ಸೀಟು, ಮೂರು ಪರದೆ, ಡೈರೆಕ್ಟ್ ಡ್ರೈವ್ ಸ್ಟೀರಿಂಗ್. ಅಲ್ಲಿ ಒಂದೇ ದಿನದಲ್ಲಿ ಮೊಂಜಾ ಟ್ರ್ಯಾಕಿನಲ್ಲಿ ಎರಡು ಸೆಕೆಂಡ್ ಬೇಗ ಲ್ಯಾಪ್ ಮುಗಿಸಿದನಂತೆ. ಬಂದಾಗಿನಿಂದ ಒಂದೇ ಮಾತು: "ಅಪ್ಪ, ಈ ಸೆಟಪ್‌ನಲ್ಲಿ ನಾನೆಷ್ಟು ಒದ್ದಾಡಿದ್ರೂ ಇಷ್ಟೇ." ಮೂರೂವರೆ ಲಕ್ಷ ರೂಪಾಯಿಯ ಪಟ್ಟಿ ಬರೆದು ಕೈಗೆ ಕೊಟ್ಟಿದ್ದಾನೆ. ಮುಂದೆ ರೇಸರ್ ಆಗುತ್ತೇನೆ ಎನ್ನುತ್ತಾನೆ. ಅವನ ಎಂಜಿನಿಯರಿಂಗಿಗೆಂದು ಇಟ್ಟ ಎಫ್‌ಡಿ ಬಿಟ್ಟರೆ ನನ್ನಲ್ಲಿ ಅಷ್ಟು ದುಡ್ಡಿಲ್ಲ. ನನ್ನ ಹೆಂಡತಿಯಂತೂ ಈ ಮಾತು ಎತ್ತಿದರೇ ಸಿಟ್ಟಾಗುತ್ತಾಳೆ. ಆದರೆ ಅಪ್ಪನ ಹತ್ತಿರ ದುಡ್ಡಿರಲಿಲ್ಲ, ಅದಕ್ಕೇ ಹಿಂದುಳಿದೆ ಎಂದು ಮಗ ನಾಳೆ ಹೇಳುವಂತಾಗಬಾರದು. ರಾತ್ರಿ ನಿದ್ದೆ ಬರುತ್ತಿಲ್ಲ. ಏನು ಮಾಡಲಿ?
– ಹೆಸರು ಬೇಡ, ಶಿವಮೊಗ್ಗ

ಉತ್ತರ: ಎಫ್‌ಡಿ ಮುಟ್ಟಬೇಡಿ. ಈ ರಾತ್ರಿಯಾದರೂ ನೀವು ನೆಮ್ಮದಿಯಾಗಿ ಮಲಗಬೇಕು, ಅದಕ್ಕೇ ಮೊದಲೇ ಹೇಳಿಬಿಟ್ಟೆ. ಹಾಗೆಂದು ಮಗ ಸುಳ್ಳು ಹೇಳುತ್ತಿದ್ದಾನೆ ಎಂದು ತಿಳಿಯಬೇಡಿ. ಆ ಎರಡು ಸೆಕೆಂಡ್ ನಿಜವೇ ಇರಬೇಕು. ನನ್ನ ತಕರಾರಿರುವುದು ಅದರ ಕಾರಣದ ಬಗ್ಗೆ. ಅವನು ಆ ಎರಡು ಸೆಕೆಂಡನ್ನು ದುಬಾರಿ ಸ್ಟೀರಿಂಗಿನ ಖಾತೆಗೆ ಬರೆದಿದ್ದಾನೆ. ನನ್ನ ಲೆಕ್ಕದಲ್ಲಿ ಅದರ ದೊಡ್ಡ ಪಾಲು ಸೀಟಿಗೂ ಬ್ರೇಕಿಗೂ ಸೇರಬೇಕಾದದ್ದು. ನೀವು ಲೆಕ್ಕದ ಕೆಲಸದವರು, ಬಾಬ್ತುವಾರು ನೋಡೋಣ.

ಮೊದಲು ಒಂದು ಪರೀಕ್ಷೆ ಮಾಡಿ. ಮಗನ ಕುರ್ಚಿಯಲ್ಲಿ ನೀವೇ ಕೂತು, ಕಾರಿನಲ್ಲಿ ಎದುರಿಗೆ ಹಸು ಬಂದರೆ ಒತ್ತುವಷ್ಟು ಜೋರಾಗಿ ಬ್ರೇಕ್ ಪೆಡಲ್ ಒತ್ತಿ. ಒಂದೋ ಪೆಡಲಿನ ಪೆಟ್ಟಿಗೆ ನೆಲದ ಮೇಲೆ ಮುಂದಕ್ಕೆ ಜಾರುತ್ತದೆ, ಇಲ್ಲವೇ ಕುರ್ಚಿ ಹಿಂದಕ್ಕೆ ಉರುಳುತ್ತದೆ. ನಿಮ್ಮದು ರೆಡ್ ಆಕ್ಸೈಡ್ ನೆಲವೋ ನುಣುಪಾದ ಟೈಲ್ಸೋ ಆಗಿದ್ದರೆ ಎರಡೂ ಒಟ್ಟಿಗೇ ಆದರೂ ಆಶ್ಚರ್ಯವಿಲ್ಲ. ಜಿ29ರ ಬ್ರೇಕ್ ಪೆಡಲಿನೊಳಗೆ ಗಟ್ಟಿ ರಬ್ಬರ್ ತುಂಡೊಂದನ್ನು ಇಟ್ಟಿದ್ದಾರೆ. ನಿಜವಾದ ಬ್ರೇಕಿನಂತೆ ಕೊನೆಯಲ್ಲಿ ಬಿಗಿಯಾಗಲಿ ಎಂಬುದು ಉದ್ದೇಶ. ಒಳ್ಳೆಯ ಯೋಚನೆಯೇ, ಆದರೆ ಅದನ್ನು ಪೂರ್ತಿ ಒತ್ತಲು ಕಾಲಿಗೆ ಸಾಕಷ್ಟು ಬಲ ಬೇಕು, ಆ ಬಲವನ್ನು ತಡೆದು ನಿಲ್ಲುವಂಥದ್ದು ಬೆನ್ನ ಹಿಂದೆ ಏನೂ ಇಲ್ಲ. ಹಾಗಾಗಿ ನಿಮ್ಮ ಮಗನ ಕಾಲು ತನಗೆ ಗೊತ್ತಿಲ್ಲದೆಯೇ ಅರ್ಧ ಒತ್ತುವುದನ್ನು ಕಲಿತುಬಿಟ್ಟಿದೆ.

ಅರ್ಧ ಒತ್ತಿದರೆ ಏನಾಗುತ್ತದೆ ಎಂಬುದನ್ನು ಮೊಂಜಾದ ಲೆಕ್ಕದಲ್ಲೇ ಹೇಳುತ್ತೇನೆ. ಇಟಲಿಯ ಆ ಟ್ರ್ಯಾಕ್ 5.793 ಕಿ.ಮೀ. ಉದ್ದ. ನೇರ ದಾರಿಗಳೇ ಹೆಚ್ಚು, ನಡುವೆ ಜೋರಾಗಿ ಬ್ರೇಕ್ ಹಿಡಿಯಬೇಕಾದ ಜಾಗಗಳು ಆರು: ಮೊದಲ ಚಿಕೇನ್ (ಎಡಬಲಕ್ಕೆ ಹೊರಳುವ ಜೋಡಿ ತಿರುವು), ರೊಜ್ಜಾ, ಲೆಸ್ಮೊದ ಎರಡು ತಿರುವು, ಅಸ್ಕಾರಿ, ಪರಬೊಲಿಕಾ. ಗಂಟೆಗೆ 250 ಕಿ.ಮೀ. ವೇಗದಲ್ಲಿ ಕಾರು ಸೆಕೆಂಡಿಗೆ ಸುಮಾರು 69 ಮೀಟರ್ ಸಾಗುತ್ತದೆ. ಬ್ರೇಕ್ ಹಿಡಿಯುವುದು ಸೆಕೆಂಡಿನ ಹತ್ತನೇ ಒಂದು ಭಾಗ ಹಿಂದೆಮುಂದೆ ಆದರೆ ಏಳು ಮೀಟರ್ ವ್ಯತ್ಯಾಸ. ಪೆಡಲ್ ಜಾರುತ್ತದೆಂಬ ಭಯದಲ್ಲಿ ಹುಡುಗ ಪ್ರತಿ ತಿರುವಿಗೂ ಮೊದಲೇ, ಮೆತ್ತಗೆ ಬ್ರೇಕ್ ಹಿಡಿಯುತ್ತಾನೆ. ಒಂದೊಂದರಲ್ಲೂ ಕಾಲು ಸೆಕೆಂಡಿನಷ್ಟು ಸೋರಿಹೋದರೂ ಆರು ತಿರುವಿಗೆ ಒಂದೂವರೆ ಸೆಕೆಂಡ್. ಬೆಂಗಳೂರಿನಲ್ಲಿ ಸಿಕ್ಕ ಎರಡು ಸೆಕೆಂಡಿನ ಬಹುಪಾಲು ಇಲ್ಲೇ ಕೂತಿದೆ ಎಂಬುದು ನನ್ನ ಅಂದಾಜು. ಅಲ್ಲಿ ಅವನು ಕೂತ ಸೀಟು ಅಲುಗಲಿಲ್ಲ, ಪೆಡಲ್ ಜಾರಲಿಲ್ಲ, ಕಾಲಿಗೆ ಧೈರ್ಯ ಬಂತು.

ಇನ್ನೊಂದು ಸಂಗತಿಯೂ ಇದೆ. ನಿಮ್ಮ ಅಕ್ಕನ ಮಗನ ಪೆಡಲಿನಲ್ಲಿ ಬಹುಶಃ ಲೋಡ್ ಸೆಲ್ ಇರುತ್ತದೆ. ಅಗ್ಗದ ಪೆಡಲ್‌ಗಳಲ್ಲಿ ಇರುವುದು ಪೊಟೆನ್ಶಿಯೋಮೀಟರ್, ಪೆಡಲ್ ಎಷ್ಟು ದೂರ ಹೋಯಿತು ಎಂಬುದನ್ನು ಅದು ಅಳೆಯುತ್ತದೆ. ಲೋಡ್ ಸೆಲ್ ಅಳೆಯುವುದು ಕಾಲು ಎಷ್ಟು ಬಲ ಹಾಕಿತು ಎಂಬುದನ್ನು. ದಿನಸಿ ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿಯೊಳಗೆ ಇರುವುದೂ ಇದೇ. ನಮ್ಮ ಕಾಲಿಗೆ ದೂರ ಅಷ್ಟಾಗಿ ನೆನಪಿರುವುದಿಲ್ಲ, ಬಲ ಚೆನ್ನಾಗಿ ನೆನಪಿರುತ್ತದೆ. ಆದ್ದರಿಂದ ಲೋಡ್ ಸೆಲ್ ಪೆಡಲಿನಲ್ಲಿ ಹತ್ತು ಸಲ ಬ್ರೇಕ್ ಹಿಡಿದರೆ ಹತ್ತೂ ಸಲ ಹೆಚ್ಚುಕಡಿಮೆ ಒಂದೇ ಹದಕ್ಕೆ ಬರುತ್ತದೆ. ತಿರುವಿನೊಳಗೆ ನುಗ್ಗುತ್ತಾ ಬ್ರೇಕನ್ನು ಸ್ವಲ್ಪಸ್ವಲ್ಪವೇ ಬಿಡುವುದಿದೆಯಲ್ಲ, ರೇಸಿಂಗಿನವರು ಟ್ರೇಲ್ ಬ್ರೇಕಿಂಗ್ ಎನ್ನುವುದು, ಅದನ್ನು ಕಲಿಯುವುದಕ್ಕೆ ಇದಕ್ಕಿಂತ ಒಳ್ಳೆಯ ಸಾಧನ ಇಲ್ಲ. ಸಿಮ್ ರೇಸಿಂಗಿನಲ್ಲಿ ಮೊದಲ ದೊಡ್ಡ ಖರ್ಚು ಯಾವುದಕ್ಕೆ ಎಂದು ಯಾರೇ ಕೇಳಿದರೂ ನಾನು ಬ್ರೇಕಿಗೆ ಎನ್ನುತ್ತೇನೆ, ಸ್ಟೀರಿಂಗಿಗೆ ಎನ್ನುವುದಿಲ್ಲ. ನಿಮ್ಮ ಮಗನ ಪಟ್ಟಿಯಲ್ಲಿ ಸ್ಟೀರಿಂಗಿನ ಹೆಸರು ಎಲ್ಲಕ್ಕಿಂತ ಮೇಲಿರುತ್ತದೆ ಎಂದು ನೋಡದೆಯೂ ಹೇಳಬಲ್ಲೆ. ಆ ವಯಸ್ಸಿನಲ್ಲಿ ಎಲ್ಲರ ಪಟ್ಟಿಯೂ ಹಾಗೇ.

ಈಗ ಸ್ಟೀರಿಂಗಿಗೆ ಬರೋಣ. ಅದರಲ್ಲಿ ದುಡ್ಡಿಗೆ ತಕ್ಕ ವ್ಯತ್ಯಾಸ ಇದ್ದೇ ಇದೆ, ಅದನ್ನು ಮುಚ್ಚಿಡುವುದಿಲ್ಲ. 2015ರಲ್ಲಿ ಬಂದ ಜಿ29ರಲ್ಲಿ ಎರಡು ಸಣ್ಣ ಮೋಟಾರುಗಳ ಬಲ ಹಲ್ಲುಚಕ್ರಗಳ ಮೂಲಕ ಸ್ಟೀರಿಂಗಿಗೆ ಬರುತ್ತದೆ, ಆ ಕಟಕಟ ಸದ್ದು ನಿಮಗೆ ಹಾಲ್‌ವರೆಗೂ ಕೇಳುತ್ತಿರಬೇಕು. ಥ್ರಸ್ಟ್‌ಮಾಸ್ಟರ್ ಟಿ300ನಂಥವುಗಳಲ್ಲಿ ಬೆಲ್ಟ್ ಇರುತ್ತದೆ, ನುಣುಪಾಗಿ ತಿರುಗುತ್ತದೆ. ಡೈರೆಕ್ಟ್ ಡ್ರೈವ್‌ನಲ್ಲಿ ಮಧ್ಯೆ ಏನೂ ಇಲ್ಲ, ಮೋಟಾರಿನ ದಂಡಕ್ಕೇ ಸ್ಟೀರಿಂಗ್ ಕೂರುತ್ತದೆ. ಬಲವನ್ನು ಅಳೆಯುವುದು ನ್ಯೂಟನ್ ಮೀಟರಿನಲ್ಲಿ. ಜಿ29 ಸುಮಾರು 2, ಮೋಜಾ ಆರ್5 ಎಂಬುದು 5.5, ಫನಾಟೆಕ್ ಸಿಎಸ್‌ಎಲ್ ಡಿಡಿ 5, ಅದಕ್ಕೆ ದೊಡ್ಡ ಪವರ್ ಸಪ್ಲೈ ಹಾಕಿದರೆ 8. ಫಿನ್ಲೆಂಡಿನ ಸಿಮ್ಯುಕ್ಯೂಬ್ 2 ಪ್ರೊ 25. ಈ ಅಂಕಿಗಳನ್ನು ಕೈಗೆ ತಿಳಿಯುವಂತೆ ಹೇಳಬೇಕೆಂದರೆ, 30 ಸೆಂ.ಮೀ. ಅಗಲದ ಸ್ಟೀರಿಂಗಿನ ಅಂಚಿನಲ್ಲಿ ಜಿ29 ಕೊಡುವ ಎಳೆತ ಒಂದೂವರೆ ಕಿಲೋ ತೂಕಕ್ಕೂ ಕಡಿಮೆ, ಮೋಜಾ ಆರ್5 ಕೊಡುವುದು ಮೂರೂಮುಕ್ಕಾಲು ಕಿಲೋದಷ್ಟು, ಸಿಮ್ಯುಕ್ಯೂಬ್ ಪ್ರೊ ಪೂರ್ತಿ ಬಿಟ್ಟರೆ ಹದಿನೇಳು ಕಿಲೋ.

ಹದಿನೇಳು ಕಿಲೋ ಎಳೆತ ಯಾರಿಗೆ ಬೇಕು ಎಂದು ನೀವು ಕೇಳಬಹುದು. ಅದನ್ನು ಕೊಂಡವರಲ್ಲೂ ಹೆಚ್ಚಿನವರು ಪೂರ್ತಿ ಬಲಕ್ಕೆ ಇಟ್ಟು ಓಡಿಸುವುದಿಲ್ಲ. ಅವರು ಕೊಂಡದ್ದು ಮೀಸಲು ಬಲವನ್ನು. ಚಿಕ್ಕ ಮೋಟಾರಿಗೆ ಅದರ ಮಿತಿ ಬೇಗ ಮುಟ್ಟುತ್ತದೆ. ಜಾತ್ರೆಯ ಮೈಕಿನ ಸೌಂಡನ್ನು ಕೊನೆಯವರೆಗೂ ತಿರುಗಿಸಿಟ್ಟರೆ ಮೆಲ್ಲಗೆ ಹೇಳಿದ್ದೂ ಕೂಗಿದ್ದೂ ಒಂದೇ ಗದ್ದಲವಾಗಿ ಕೇಳುತ್ತದಲ್ಲ, ಹಾಗೆ ಉದ್ದ ತಿರುವಿನಲ್ಲಿ ಟೈರಿನ ಮೇಲೆ ಭಾರ ಏರಿದಾಗ ಸಣ್ಣ ಮೋಟಾರ್ ತನ್ನ ಕೊನೆಯ ಬಲದಲ್ಲಿ ನಿಂತುಬಿಡುತ್ತದೆ. ಆಮೇಲೆ ಟ್ರ್ಯಾಕಿನ ಅಂಚಿನ ಕರ್ಬ್ ಹತ್ತಿದ್ದು, ಹಿಂದಿನ ಚಕ್ರ ಹಿಡಿತ ಬಿಡುತ್ತಿರುವುದು, ಯಾವುದೂ ಬೇರೆಯಾಗಿ ಕೈಗೆ ಬರುವುದಿಲ್ಲ. ಇದಕ್ಕೆ ಕ್ಲಿಪ್ಪಿಂಗ್ ಎನ್ನುತ್ತಾರೆ. ಡೈರೆಕ್ಟ್ ಡ್ರೈವ್‌ನಲ್ಲಿ ಕಾರು ಜಾರಲು ಶುರುವಾದದ್ದು ಕಣ್ಣಿಗಿಂತ ಮೊದಲು ಕೈಗೆ ತಿಳಿಯುತ್ತದೆ. ಜಾರುವ ಕಾರನ್ನು ಹಿಡಿದು ನಿಲ್ಲಿಸುವುದಕ್ಕೆ ಅದು ಖಂಡಿತ ಸಹಾಯ. ಆ ಅನುಭವದ ಸುಖವೂ ದೊಡ್ಡದು, ನಾನೂ ಅದಕ್ಕೆ ಮರುಳಾದವನೇ. ನಿಮ್ಮ ಮಗ ಅಲ್ಲಿಂದ ಬಂದು ಚಡಪಡಿಸುತ್ತಿರುವುದು ನನಗೆ ಚೆನ್ನಾಗಿ ಅರ್ಥವಾಗುತ್ತದೆ.

ಆದರೆ ಸುಖ ಬೇರೆ, ಲ್ಯಾಪ್ ಟೈಮ್ ಬೇರೆ. ಜಿ29ರಲ್ಲಿಯೇ ಗೇಮ್‌ನ ಸೆಟ್ಟಿಂಗಿಗೆ ಹೋಗಿ ಬಲವನ್ನು ಸ್ವಲ್ಪ ತಗ್ಗಿಸಿದರೆ ಕ್ಲಿಪ್ಪಿಂಗ್ ಎಷ್ಟೋ ಕಡಿಮೆಯಾಗುತ್ತದೆ. ಹುಡುಗರು ಇದಕ್ಕೆ ವಿರುದ್ಧವಾಗಿ, ನಿಜವಾದ ಕಾರಿನಂತೆ ಭಾರವಾಗಿರಲಿ ಎಂದು ಪೂರ್ತಿ ಏರಿಸಿಟ್ಟಿರುತ್ತಾರೆ. ಇವತ್ತೇ ನೋಡಲು ಹೇಳಿ.

ದುಬಾರಿ ಸ್ಟೀರಿಂಗೇ ಎಲ್ಲವನ್ನೂ ನಿರ್ಧರಿಸುವುದಿಲ್ಲ ಎಂಬುದಕ್ಕೆ ಒಂದು ಉದಾಹರಣೆ ಹೇಳುತ್ತೇನೆ. 2018ರಲ್ಲಿ ಮೊನಾಕೊದಲ್ಲಿ ರೇಸಿಂಗ್ ಗೇಮ್ ಸ್ಪರ್ಧೆಯಾದ ಎಫ್‌ಐಎ ಗ್ರಾನ್ ಟುರಿಸ್ಮೊ ಚಾಂಪಿಯನ್‌ಶಿಪ್‌ನ ಫೈನಲ್ ನಡೆಯಿತು. ಅಲ್ಲಿ ಸ್ಪರ್ಧಿಗಳಿಗೆಲ್ಲ ಕೊಟ್ಟದ್ದು ಒಂದೇ ಬಗೆಯ ಸ್ಟೀರಿಂಗ್, ಥ್ರಸ್ಟ್‌ಮಾಸ್ಟರಿನ ಟಿ-ಜಿಟಿ. ಅದೇನೂ ಅಗ್ಗದ್ದಲ್ಲ, ಆದರೆ ಡೈರೆಕ್ಟ್ ಡ್ರೈವೂ ಅಲ್ಲ, ಬೆಲ್ಟಿನದು. ಆ ವರ್ಷ ಅದರ ನೇಷನ್ಸ್ ಕಪ್ ವಿಭಾಗ ಗೆದ್ದ ಬ್ರೆಜಿಲಿನ ಇಗೊರ್ ಫ್ರಾಗಾ ಮುಂದೆ 2020ರಲ್ಲಿ ನಿಜವಾದ ಫಾರ್ಮುಲಾ 3 ಕಾರು ಓಡಿಸಿದ. ಮೇಲಿನ ಮಟ್ಟದಲ್ಲಿ ಎಲ್ಲರ ಕೈಗೂ ಒಂದೇ ಸಾಧನ ಕೊಟ್ಟಾಗಲೂ ಮೊದಲನೆಯವನು, ಕೊನೆಯವನು ಎಂದು ಇದ್ದೇ ಇರುತ್ತಾರೆ. ನಿಮ್ಮ ಮಗ ಆಮೇಲೆ ಯಾವ ಸ್ಟೀರಿಂಗಿಗೆ ಹೋದರೂ ಅವನ ಜೊತೆ ಹೋಗುವುದು ಈಗ ಕಾಲಿಗೆ, ಕಣ್ಣಿಗೆ ಕಲಿಸಿದ್ದು.

ಕಣ್ಣಿನ ವಿಷಯ ಬಂತು. ಮೂರು ಪರದೆಗಳ ಆಸೆ ಅವನ ಪಟ್ಟಿಯಲ್ಲೂ ಇರಬೇಕು. ಪಕ್ಕದಲ್ಲಿ ಇನ್ನೊಂದು ಕಾರು ಬಂದಾಗ ಅವು ನಿಜಕ್ಕೂ ಉಪಯೋಗಕ್ಕೆ ಬರುತ್ತವೆ. ಆದರೆ ಮೂರು ಪರದೆಗೆ ಚಿತ್ರ ಬಿಡಿಸಲು ಗ್ರಾಫಿಕ್ಸ್ ಕಾರ್ಡ್ ಬದಲಿಸಬೇಕು, ಕಾರ್ಡ್ ಬದಲಿಸಿದರೆ ಪವರ್ ಸಪ್ಲೈ ಬದಲಿಸಬೇಕಾದೀತು. ಪಟ್ಟಿಯ ಮೊತ್ತ ಹೀಗೇ ಸದ್ದಿಲ್ಲದೆ ಏರುವುದು. ಅದಕ್ಕೆ ಮೊದಲು ಒಂದು ಪೈಸೆ ಖರ್ಚಿಲ್ಲದ ಕೆಲಸವಿದೆ. ಈಗಿರುವ ಒಂದೇ ಪರದೆಯನ್ನು ಸ್ಟೀರಿಂಗಿನ ಬೆನ್ನಿಗೇ ಎಳೆದು ಹತ್ತಿರ ತರಬೇಕು, ಗೇಮ್‌ನಲ್ಲಿ ಫೀಲ್ಡ್ ಆಫ್ ವ್ಯೂ ಎಂಬ ಕೋನವನ್ನು ಅದಕ್ಕೆ ಹೊಂದಿಸಬೇಕು. 27 ಇಂಚಿನ ಪರದೆ ಸುಮಾರು 60 ಸೆಂ.ಮೀ. ಅಗಲ. ಕಣ್ಣಿನಿಂದ 60 ಸೆಂ.ಮೀ. ದೂರದಲ್ಲಿಟ್ಟರೆ ಸರಿಯಾದ ಕೋನ 53 ಡಿಗ್ರಿ, 90 ಸೆಂ.ಮೀ. ದೂರದಲ್ಲಿದ್ದರೆ ಬರೀ 37. ಕೋನವನ್ನು ಅಗಲ ಮಾಡಿಟ್ಟುಕೊಂಡರೆ ವೇಗ ಜಾಸ್ತಿ ಎನಿಸುತ್ತದೆ, ತಿರುವು ಇರುವುದಕ್ಕಿಂತ ದೂರ ಕಾಣುತ್ತದೆ, ಬ್ರೇಕ್ ಎಲ್ಲಿ ಹಿಡಿಯಬೇಕೆಂಬ ಅಂದಾಜು ತಪ್ಪುತ್ತದೆ. ಸರಿಪಡಿಸಿದ ಮೊದಲೆರಡು ದಿನ ಕಾರು ನಿಧಾನ ಓಡುತ್ತಿದೆ ಎನ್ನಿಸಿ ಬೇಸರವಾಗುತ್ತದೆ. ಬಿಡದೆ ಒಂದು ವಾರ ಓಡಿಸಲಿ.

ಕುರ್ಚಿಯೇ ಅಲುಗಾಡಿ ಗುಂಡಿ, ಉಬ್ಬು ತೋರಿಸುವ ಮೋಷನ್ ರಿಗ್‌ಗಳ ಸುದ್ದಿಗೇ ಹೋಗಬೇಡಿ. ಅವು ಲಕ್ಷಗಳ ಬಾಬ್ತು, ಆನ್‌ಲೈನ್ ರೇಸಿಂಗಿನ ಮುಂಚೂಣಿಯಲ್ಲಿರುವ ಎಷ್ಟೋ ಜನ ಅದಿಲ್ಲದೆಯೇ ಓಡಿಸುತ್ತಾರೆ.

ಎರಡು ಸೆಕೆಂಡಿನಲ್ಲಿ ಇನ್ನೊಂದು ಪಾಲು ಎಲ್ಲಿಂದ ಬಂದಿರಬಹುದು ಗೊತ್ತೇ? ಕಾರಿನ ಸೆಟಪ್ ಫೈಲಿನಿಂದ. ಅಸೆಟ್ಟೊ ಕೊರ್ಸಾ ಕಾಂಪೆಟಿಜಿಯೋನೆಯಂಥ ಗೇಮ್‌ಗಳಲ್ಲಿ ಟೈರಿನ ಗಾಳಿ, ಹಿಂದಿನ ರೆಕ್ಕೆಯ ಕೋನ, ಬ್ರೇಕಿನ ಮುಂದುಹಿಂದಿನ ಹಂಚಿಕೆ ಎಲ್ಲವನ್ನೂ ಹೊಂದಿಸಿ ಫೈಲ್ ಮಾಡಿ ಇಟ್ಟುಕೊಳ್ಳಬಹುದು. ನಿಮ್ಮ ಅಕ್ಕನ ಮಗ ತಿಂಗಳುಗಟ್ಟಲೆ ತಿದ್ದಿ ಮೊಂಜಾಗೆಂದೇ ಹದ ಮಾಡಿಟ್ಟ ಕಾರಿನಲ್ಲಿ ನಿಮ್ಮ ಮಗ ಕೂತಿದ್ದಾನೆ. ಪಕ್ಕದಲ್ಲಿ ನಿಂತು "ಇಲ್ಲಿ ಬ್ರೇಕ್ ಬಿಡು, ಇಲ್ಲಿ ಗೇರ್ ಇಳಿಸು" ಎಂದು ಹೇಳಿಕೊಟ್ಟಿರಲೂ ಸಾಕು. ಆ ಫೈಲನ್ನು ಕಳಿಸಿಕೊಡಲು ಕೇಳಿ. ಭಾನುವಾರ ಒಂದು ಗಂಟೆ ವಿಡಿಯೋ ಕಾಲ್‌ನಲ್ಲಿ ಕೂತು ತಮ್ಮನಿಗೆ ಹೇಳಿಕೊಡು ಎನ್ನಿ. ಸಂತೋಷವಾಗಿ ಮಾಡುತ್ತಾನೆ, ಈ ಹವ್ಯಾಸದವರಿಗೆ ಅದರ ಬಗ್ಗೆ ಮಾತಾಡಲು ಜನ ಸಿಕ್ಕರೆ ಸಾಕು.

ಇನ್ನು ನೀವು ಮಾಡಬಹುದಾದ ಖರ್ಚು. ಮಾಚೇನಹಳ್ಳಿಯ ಕಡೆಯೋ ನಿಮ್ಮ ಬಡಾವಣೆಯಲ್ಲೋ ಗೇಟು, ಗ್ರಿಲ್ ಮಾಡುವ ವೆಲ್ಡಿಂಗ್ ಅಂಗಡಿಯವರು ಇದ್ದೇ ಇರುತ್ತಾರೆ. ಕಬ್ಬಿಣದ ಚೌಕ ಪೈಪಿನಲ್ಲಿ ಸೀಟು, ಪೆಡಲ್, ಸ್ಟೀರಿಂಗ್ ಮೂರನ್ನೂ ಒಂದೇ ಚೌಕಟ್ಟಿಗೆ ಬಿಗಿಯುವಂತೆ ಒಂದು ಸ್ಟ್ಯಾಂಡ್ ಮಾಡಿಸಿ. ಗುಜರಿಯಲ್ಲಿ ಹಳೆಯ ಮಾರುತಿ ಕಾರಿನ ಮುಂದಿನ ಸೀಟು ಸಿಗುತ್ತದೆ, ಹಳಿಯ ಸಮೇತ ತನ್ನಿ, ಹಿಂದೆಮುಂದೆ ಸರಿಸಲು ಬೇಕಾಗುತ್ತದೆ. ಪೆಡಲ್ ಕೂರುವ ತಟ್ಟೆಯ ಕೆಳಗೆ ಅಡ್ಡಪಟ್ಟಿ ಕೊಡಿಸುವುದನ್ನು ಮರೆಯಬೇಡಿ, ಕಾಲು ಒತ್ತಿದಾಗ ಬಾಗುವುದು ಅದೇ ಜಾಗ. ಮೂಲೆಗಳ ತೂತನ್ನು ಉದ್ದುದ್ದ ಕೊರೆಸಿದರೆ ಹುಡುಗ ಇನ್ನೂ ಎತ್ತರವಾದಾಗ ಹೊಂದಿಸಿಕೊಳ್ಳಬಹುದು. ಎಲ್ಲ ಸೇರಿ ಹತ್ತು ಸಾವಿರದೊಳಗೆ ಮುಗಿಯಬೇಕು. ಅಲ್ಯೂಮಿನಿಯಂ ಪ್ರೊಫೈಲಿನ ಚೌಕಟ್ಟು ಇದಕ್ಕಿಂತ ಅಂದ, ಬಿಚ್ಚಿ ಜೋಡಿಸಲೂ ಸುಲಭ, ಆದರೆ ಅಲುಗದೆ ನಿಲ್ಲುವುದೊಂದೇ ಗುರಿಯಾದರೆ ಒಳ್ಳೆಯ ವೆಲ್ಡಿಂಗ್ ಯಾವುದಕ್ಕೂ ಕಡಿಮೆಯಲ್ಲ. ಸ್ಟ್ಯಾಂಡ್ ಆಗುವವರೆಗೆ ಪೆಡಲ್ ಪೆಟ್ಟಿಗೆಯನ್ನು ಗೋಡೆಗೆ ಒತ್ತಿಡಿ, ಕುರ್ಚಿಯ ಗಾಲಿಗಳನ್ನು ಹಳೆಯ ಶೂಗಳೊಳಗೆ ಕೂರಿಸಿ. ಜಗತ್ತಿನಾದ್ಯಂತ ಬಡ ಸಿಮ್ ರೇಸರುಗಳು ಮಾಡುವ ಉಪಾಯ ಇದು, ಚೆನ್ನಾಗಿ ಕೆಲಸ ಮಾಡುತ್ತದೆ.

ಸ್ಟ್ಯಾಂಡ್ ಆದ ಮೇಲೆ ಲೋಡ್ ಸೆಲ್ ಪೆಡಲ್. ಈ ಕ್ರಮ ತಿರುವುಮುರುವು ಮಾಡಬೇಡಿ, ಜಾರುವ ಕುರ್ಚಿಗೆ ಲೋಡ್ ಸೆಲ್ ತಂದರೆ ಕಷ್ಟ ಇಮ್ಮಡಿಯಾಗುತ್ತದೆ. ಥ್ರಸ್ಟ್‌ಮಾಸ್ಟರಿನ ಟಿ-ಎಲ್‌ಸಿಎಂ ಎಂಬ ಪೆಡಲ್ 2020ರಲ್ಲಿ ಹೊರದೇಶದಲ್ಲಿ 200 ಡಾಲರಿಗೆ ಬಂತು. ತೆರಿಗೆ, ಸಾಗಣೆ ಸೇರಿ ಇಲ್ಲಿ ಇಪ್ಪತ್ತು ಸಾವಿರದ ಮೇಲೆಯೇ ಬೀಳುತ್ತದೆ. ಅದನ್ನು ನೇರವಾಗಿ ಕಂಪ್ಯೂಟರಿನ ಯುಎಸ್‌ಬಿಗೆ ಹಾಕಬಹುದು, ಕಂಪ್ಯೂಟರಿನಲ್ಲಿ ಒಂದು ಕಂಪನಿಯ ಸ್ಟೀರಿಂಗ್, ಇನ್ನೊಂದು ಕಂಪನಿಯ ಪೆಡಲ್ ಒಟ್ಟಿಗೆ ನಡೆಯುತ್ತವೆ. ಹಾಗಾಗಿ ಜಿ29 ಸ್ಟೀರಿಂಗ್ ಅಲ್ಲೇ ಇರಲಿ. ಒಟ್ಟು ಲೆಕ್ಕ ಮೂವತ್ತೈದು ಸಾವಿರದ ಆಸುಪಾಸು. ಮಗನ ಪಟ್ಟಿಯ ಹತ್ತರಲ್ಲಿ ಒಂದು ಪಾಲು.

ಒಂದು ವರ್ಷದ ನಂತರವೂ ಆಸಕ್ತಿ ಹೀಗೇ ಉಳಿದರೆ, ಅವನೇ ಸ್ವಲ್ಪ ದುಡ್ಡು ಕೂಡಿಸಿಕೊಂಡು 5ರಿಂದ 8 ನ್ಯೂಟನ್ ಮೀಟರಿನ ಡೈರೆಕ್ಟ್ ಡ್ರೈವ್ ಒಂದನ್ನು ಕೊಳ್ಳಲಿ. ಆ ಸ್ಟ್ಯಾಂಡಿಗೇ ಬಿಗಿಯಬಹುದು, ಪೆಡಲೂ ಹಾಗೇ ಮುಂದುವರಿಯುತ್ತದೆ, ಈಗ ಹಾಕಿದ ಒಂದು ರೂಪಾಯಿಯೂ ಪೋಲಾಗುವುದಿಲ್ಲ. ಕೊಳ್ಳುವಾಗ ಕೆಲವು ಎಚ್ಚರ ಬೇಕು. ಎಲ್ಲ ಸ್ಟೀರಿಂಗೂ ಎಲ್ಲದಕ್ಕೂ ಹೊಂದುವುದಿಲ್ಲ, ಮೋಜಾ ಆರ್5, ಸಿಮ್ಯುಕ್ಯೂಬ್ ಕಂಪ್ಯೂಟರಿಗೆ ಮಾತ್ರ, ಪ್ಲೇಸ್ಟೇಷನ್‌ಗೆ ನಡೆಯುವುದಿಲ್ಲ. ಹೊರದೇಶದಿಂದ ತರಿಸಿದರೆ ಕೆಟ್ಟಾಗ ಅಲ್ಲಿಗೇ ಕಳಿಸಬೇಕಾದೀತು, ಇಲ್ಲಿ ಬಿಲ್ ಮತ್ತು ವಾರಂಟಿ ಕೊಡುವವರ ಹತ್ತಿರವೇ ಕೊಳ್ಳಿ. ದೊಡ್ಡ ಹೆಸರೂ ಸ್ಥಿರವಲ್ಲ: ಜರ್ಮನಿಯ ಫನಾಟೆಕ್ ಬ್ರಾಂಡನ್ನು ನಡೆಸುತ್ತಿದ್ದ ಎಂಡೋರ್ ಕಂಪನಿ 2024ರಲ್ಲಿ ದಿವಾಳಿ ಪ್ರಕ್ರಿಯೆಗೆ ಹೋಯಿತು, ಅದೇ ವರ್ಷ ಅಮೆರಿಕದ ಕೋರ್ಸೇರ್ ಅದನ್ನು ಕೊಂಡುಕೊಂಡಿತು. ಇನ್ನು ಬೆರಳು, ಮಣಿಕಟ್ಟಿನ ಜೋಪಾನ. ಹೆಚ್ಚು ಬಲದ ಮೋಟಾರ್ ಇರುವಾಗ ಗೇಮ್‌ನಲ್ಲಿ ಕಾರು ಗೋಡೆಗೆ ಬಡಿದರೆ ಸ್ಟೀರಿಂಗ್ ಕೈಯನ್ನು ತಿರುಚಿಬಿಡುತ್ತದೆ. ದೊಡ್ಡವುಗಳ ಜೊತೆ ತುರ್ತು ನಿಲುಗಡೆಯ ಕೆಂಪು ಗುಂಡಿ ಬರುವುದು ಇದೇ ಕಾರಣಕ್ಕೆ.

ಮಗ ರೇಸರ್ ಆಗುತ್ತೇನೆ ಎನ್ನುತ್ತಾನೆ ಎಂದಿರಿ. ಇದನ್ನು ನಗೆಯಾಡಿ ತಳ್ಳಿಹಾಕಬೇಡಿ, ಹಾಗೆಯೇ ಸ್ಟೀರಿಂಗ್ ಕೊಳ್ಳಲು ಇದನ್ನೊಂದು ಕಾರಣವಾಗಿಯೂ ಒಪ್ಪಬೇಡಿ. ಸೋನಿ ಮತ್ತು ನಿಸ್ಸಾನ್ 2008ರಿಂದ ನಡೆಸಿದ ಜಿಟಿ ಅಕಾಡೆಮಿ ಗೇಮ್ ಆಡುವವರನ್ನು ಆರಿಸಿ ನಿಜವಾದ ಟ್ರ್ಯಾಕಿಗೆ ಇಳಿಸಿತು. ಮೊದಲ ವಿಜೇತ ಸ್ಪೇನಿನ ಲುಕಾಸ್ ಒರ್ಡೊನೆಜ್, 2011ರ ವಿಜೇತ ಬ್ರಿಟನ್ನಿನ ಯಾನ್ ಮಾರ್ಡೆನ್‌ಬರೊ, ಇಬ್ಬರೂ ಲೆ ಮಾನ್ 24 ಗಂಟೆ ರೇಸಿನಲ್ಲಿ ತಮ್ಮ ದರ್ಜೆಯಲ್ಲಿ ಮೊದಲ ಮೂರರೊಳಗೆ ಬಂದರು. 2023ರ 'ಗ್ರಾನ್ ಟುರಿಸ್ಮೊ' ಸಿನಿಮಾ ಮಾರ್ಡೆನ್‌ಬರೊನ ಕತೆಯೇ, ನಿಮ್ಮ ಮಗ ನೋಡಿರುತ್ತಾನೆ. ಆದರೆ ಆ ಯೋಜನೆ ನಿಂತು ವರ್ಷಗಳಾದವು. ಮೇಲೆ ಹೇಳಿದ ಫ್ರಾಗಾ ಕೂಡ ಚಿಕ್ಕಂದಿನಿಂದ ಕಾರ್ಟಿಂಗ್, ಎಂದರೆ ಪುಟ್ಟ ರೇಸ್ ಕಾರುಗಳ ಓಟ, ಮಾಡಿದವನು. ನಮ್ಮ ಬೆಂಗಳೂರಿನ ಕುಶ್ ಮೈನಿ 2025ರಲ್ಲಿ ಮೊನಾಕೊದಲ್ಲಿ ಫಾರ್ಮುಲಾ 2ರ ಸ್ಪ್ರಿಂಟ್ ರೇಸ್ ಗೆದ್ದ. ಅವನೂ ಅವನ ಅಣ್ಣ ಅರ್ಜುನನೂ ಶುರು ಮಾಡಿದ್ದು ಕಾರ್ಟಿಂಗಿನಿಂದಲೇ. ಆ ದಾರಿಯ ಖರ್ಚು ಮೂರೂವರೆ ಲಕ್ಷದಲ್ಲಿ ಶುರುವೂ ಆಗುವುದಿಲ್ಲ ಎಂಬುದನ್ನು ಮಗನಿಗೆ ಮುಚ್ಚುಮರೆಯಿಲ್ಲದೆ ಹೇಳಿ. ಹದಿನೇಳು ವರ್ಷದವನಿಗೆ ಇದನ್ನು ಕೇಳಿಸಿಕೊಳ್ಳುವ ಶಕ್ತಿ ಇರುತ್ತದೆ.

ಪರೀಕ್ಷೆ ಮುಗಿದ ಮೇಲೆ ಒಂದು ದಿನ ಅವನನ್ನು ಬೆಂಗಳೂರಿನ ಮೆಕೊ ಕಾರ್ಟೋಪಿಯಾದಂಥ ಟ್ರ್ಯಾಕಿಗೆ ಕರೆದುಕೊಂಡು ಹೋಗಿ. ಬಾಡಿಗೆ ಕಾರ್ಟಿನಲ್ಲಿ ಕೆಲವು ಲ್ಯಾಪ್ ಓಡಿಸಲಿ. ಪವರ್ ಸ್ಟೀರಿಂಗ್ ಇಲ್ಲ, ತೋಳು ನೋಯುತ್ತದೆ, ಪಕ್ಕೆಲುಬು ಸೀಟಿಗೆ ಬಡಿಯುತ್ತದೆ. ಅದು ಇಷ್ಟವಾಯಿತೋ ಇಲ್ಲವೋ ಎಂಬುದು ಒಂದು ಮಧ್ಯಾಹ್ನದಲ್ಲಿ ಗೊತ್ತಾಗುತ್ತದೆ, ಮೂರೂವರೆ ಲಕ್ಷದ ರಿಗ್ ಎರಡು ವರ್ಷದಲ್ಲೂ ಅದನ್ನು ಹೇಳಲಾರದು.

ಎಫ್‌ಡಿಯ ವಿಷಯದಲ್ಲೂ ಅವನಿಗೆ ಹೇಳಲು ಒಂದು ಮಾತಿದೆ. ರೇಸಿಂಗ್ ಲೋಕದಲ್ಲಿ ಓಡಿಸುವವನೊಬ್ಬನಾದರೆ ಅವನ ಹಿಂದೆ ಎಂಜಿನಿಯರುಗಳ ದಂಡೇ ಇರುತ್ತದೆ. ವಿದ್ಯಾರ್ಥಿಗಳೇ ಒಬ್ಬರು ಕೂರುವ ರೇಸ್ ಕಾರು ವಿನ್ಯಾಸ ಮಾಡಿ, ಕಟ್ಟಿ, ಓಡಿಸುವ ಫಾರ್ಮುಲಾ ಭಾರತ್ ಸ್ಪರ್ಧೆ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಯಲ್ಲಿ ನಡೆಯುತ್ತದೆ. ಬೆಂಗಳೂರಿನ ಆರ್.ವಿ. ಎಂಜಿನಿಯರಿಂಗ್ ಕಾಲೇಜಿನ ಅಶ್ವ ರೇಸಿಂಗ್ ಈ ಬಗೆಯ ತಂಡಗಳಲ್ಲಿ ಹೆಸರು ಮಾಡಿದ್ದು. ಟೈರಿನ ಗಾಳಿ ಅರ್ಧ ಪಾಯಿಂಟ್ ಬದಲಿಸಿದರೆ ಲ್ಯಾಪ್ ಟೈಮ್ ಏನಾಗುತ್ತದೆ ಎಂದು ಈಗಲೇ ತಲೆಕೆಡಿಸಿಕೊಳ್ಳುವ ಹುಡುಗನಿಗೆ ಅಂಥ ತಂಡ ಹೇಳಿ ಮಾಡಿಸಿದ ಜಾಗ. ಅಲ್ಲಿಗೆ ಹೋಗುವ ದಾರಿ ಸಿಇಟಿ, ಫೀಸಿಗೆ ನಿಮ್ಮ ಎಫ್‌ಡಿ. ಆ ದುಡ್ಡು ಅವನ ಆಸೆಗೆ ಅಡ್ಡ ನಿಂತಿಲ್ಲ, ಆಸೆಯ ದಾರಿಯಲ್ಲೇ ಇದೆ.

ಮಾತಾಡುವಾಗ ದುಡ್ಡಿಲ್ಲ ಎಂದು ಶುರು ಮಾಡಬೇಡಿ. "ನಿನ್ನ ಎರಡು ಸೆಕೆಂಡ್ ಎಲ್ಲಿದೆ ಅಂತ ಇಬ್ಬರೂ ಸೇರಿ ಹುಡುಕೋಣ" ಎನ್ನಿ. ಒಂದು ನೋಟ್‌ಬುಕ್ ಕೊಡಿ. ಅದೇ ಕಾರು, ಅದೇ ಮೊಂಜಾ, ಒಟ್ಟಿಗೆ ಇಪ್ಪತ್ತು ಲ್ಯಾಪಿನ ಸಮಯ ಬರೆಯಲಿ. ಆಮೇಲೆ ಒಂದೊಂದೇ ಬದಲಾವಣೆ: ಮೊದಲು ಪರದೆಯ ಕೋನ, ಆಮೇಲೆ ಸೆಟಪ್ ಫೈಲ್, ಆಮೇಲೆ ಸ್ಟ್ಯಾಂಡ್. ಪ್ರತಿ ಸಲವೂ ಇಪ್ಪತ್ತು ಲ್ಯಾಪ್. ಅತಿ ವೇಗದ ಒಂದು ಲ್ಯಾಪ್ ಎಷ್ಟೆಂಬುದರ ಜೊತೆಗೆ ಇಪ್ಪತ್ತರಲ್ಲಿ ಎಷ್ಟು ಲ್ಯಾಪ್ ಅರ್ಧ ಸೆಕೆಂಡಿನ ಅಂತರದೊಳಗೆ ಬಂದವು ಎಂದೂ ನೋಡಿ, ರೇಸ್ ಗೆಲ್ಲಿಸುವುದು ಇದು. ನಿಮ್ಮ ಹೆಂಡತಿಯನ್ನೂ ಒಮ್ಮೆ ಕೂರಿಸಿ ತೋರಿಸಿ. ಮೂರೂವರೆ ಲಕ್ಷ ಎಂದಾಗ ಬಂದ ಸಿಟ್ಟು ಹತ್ತು ಸಾವಿರದ ಕಬ್ಬಿಣದ ಸ್ಟ್ಯಾಂಡಿಗೆ ಬರಲಾರದು.

ತೊಂಬತ್ತು ಪರ್ಸೆಂಟ್ ತಂದರೆ ಕೊಡಿಸುತ್ತೇನೆ ಎಂಬ ಷರತ್ತು ಮಾತ್ರ ಹಾಕಬೇಡಿ. ಸ್ಟ್ಯಾಂಡ್ ಅವನ ಬೆನ್ನಿಗೂ ಬೇಕು, ಆ ಆಫೀಸ್ ಕುರ್ಚಿಯಲ್ಲಿ ಬಾಗಿ ಕೂತು ಆಡುವುದು ಒಳ್ಳೆಯದಲ್ಲ. ಓದುವ ಮೇಜೂ ಖಾಲಿಯಾಗುತ್ತದೆ, ಪುಸ್ತಕಕ್ಕೆ ಜಾಗ ಸಿಗುತ್ತದೆ. ಮಾರ್ಕ್ಸಿಗೆ ಬದಲು ಹೊತ್ತಿಗೆ ಕರಾರು ಮಾಡಿಕೊಳ್ಳಿ: ಪರೀಕ್ಷೆ ಮುಗಿಯುವವರೆಗೆ ವಾರಕ್ಕೆ ಎರಡು ದಿನ, ದಿನಕ್ಕೆ ಒಂದು ಗಂಟೆ, ರಾತ್ರಿ ಊಟದ ಮೇಲೆ ಇಲ್ಲ.

ಸ್ಟ್ಯಾಂಡನ್ನು ಈ ತಿಂಗಳೇ ಮಾಡಿಸಿ. ಪೆಡಲ್ ಸಿಇಟಿ ಮುಗಿದ ವಾರ ಬರಲಿ, ಆ ಮಾತನ್ನು ಈಗಲೇ ಕೊಟ್ಟು ಉಳಿಸಿಕೊಳ್ಳಿ. ಡೈರೆಕ್ಟ್ ಡ್ರೈವ್‌ನ ಮಾತು ಮುಂದಿನ ವರ್ಷಕ್ಕಿರಲಿ. ಇಪ್ಪತ್ತು ಲ್ಯಾಪಿನ ನೋಟ್‌ಬುಕ್ಕಿನಲ್ಲಿ ಏನು ಬಂತು ಎಂದು ನನಗೂ ಬರೆದು ತಿಳಿಸಿ.